ಟಂಕಸಾಲೆಯ ತಪ್ಪೋ, ಆಮೇಲೆ ಬಿದ್ದ ಪೆಟ್ಟೋ? ‘ಎರರ್ ನಾಣ್ಯಕ್ಕೆ ಲಕ್ಷ ಲಕ್ಷ’ ಎನ್ನುವ ಫಾರ್ವರ್ಡ್ ನಂಬುವ ಮೊದಲು ಇದನ್ನು ಓದಿ

“ಈ ನಾಣ್ಯ ನಿಮ್ಮ ಮನೆಯಲ್ಲಿದೆಯೇ? ಹಾಗಾದರೆ ಇಂದೇ ಲಕ್ಷಾಧಿಪತಿಯಾಗಿ!” ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಕೆಳಗೆ ಒಂದು ನಾಣ್ಯದ ದೊಡ್ಡ ಫೋಟೊ, ಅದರ ಸುತ್ತ ಕೆಂಪು ವೃತ್ತ, ಪಕ್ಕದಲ್ಲಿ ‘ಮಿಂಟ್ ಎರರ್, 5 ಲಕ್ಷ’ ಎಂಬ ಬರಹ, ಕೊನೆಗೆ ಒಂದು ಫೋನ್ ನಂಬರ್.

ಇಳಕಲ್ ಕಡೆಯ ನಮ್ಮ ಗುಡೂರಿನಲ್ಲಿ ಮಗ್ಗ ನೇಯುವ ಕಾಕಾ ಒಬ್ಬರು ಇಂಥದೇ ಸಂದೇಶ ಹಿಡಿದು ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ ಹಳೆಯ ದಪ್ಪನೆಯ 5 ರೂಪಾಯಿ ನಾಣ್ಯ. ಒಂದು ಬದಿಯಲ್ಲಿ ಸಿಂಹಗಳು ಸರಿಯಾಗಿಯೇ ಇದ್ದವು, ಇನ್ನೊಂದು ಬದಿ ಪೂರ್ತಿ ನುಣುಪು. “ತಂಗಿ, ಇದನ್ನೊಂದಿಷ್ಟು ನೋಡವಾ. ಒಂದ ಕಡೆ ಛಾಪಾನ ಬಿದ್ದಿಲ್ಲ. ಐದ ಲಕ್ಷ ಕೊಡ್ತೀನಿ ಅಂತಾನ. ಮೊದಲ ರಿಜಿಸ್ಟ್ರೇಶನ್‌ಗೆ ಎರಡ ಸಾವಿರ ಹಾಕಬೇಕಂತ” ಎಂದರು. “ರೊಕ್ಕ ಹಾಕೀರೇನ್ರಿ ಕಾಕಾ?” ಎಂದು ಕೇಳಿದೆ. “ಇನ್ನಾ ಹಾಕಿಲ್ಲ. ಮಗಾ ಸಂಜೀಕ ಫೋನ್‌ಪೇ ಮಾಡ್ತಾನ” ಎಂದರು.

ಸಂಜೆಯವರೆಗೆ ಸಮಯವಿತ್ತು. ಆ ನಾಣ್ಯ ನಿಜಕ್ಕೂ ಟಂಕಸಾಲೆಯಿಂದಲೇ ಹಾಗೆ ಬಂದದ್ದೋ, ಆಮೇಲೆ ಯಾರೋ ಉಜ್ಜಿದ್ದೋ? ಇದನ್ನು ಹೇಗೆ ಗುರುತಿಸುವುದು? ಕಾಕಾನ ನಾಣ್ಯಕ್ಕೆ ಏನಾಯಿತು ಎಂಬುದನ್ನೂ ಮುಂದೆ ಹೇಳುತ್ತೇನೆ.

ಫಾರ್ವರ್ಡ್‌ನಲ್ಲಿ ಇರುವುದೇನು, ಇಲ್ಲದಿರುವುದೇನು?

ಇಂಥ ಸಂದೇಶಗಳಲ್ಲಿ ಪೂರ್ತಿ ಸುಳ್ಳು ಇರುವುದಿಲ್ಲ, ಅದಕ್ಕೇ ಜನ ನಂಬುತ್ತಾರೆ. ಟಂಕಸಾಲೆಯಲ್ಲಿ ತಪ್ಪಾಗಿ ಅಚ್ಚಾದ ನಾಣ್ಯಗಳು ಇರುವುದು ನಿಜ. ಅವುಗಳನ್ನು ಸಂಗ್ರಹಿಸುವವರು ಜಗತ್ತಿನಾದ್ಯಂತ ಇರುವುದೂ ನಿಜ. ಕೆಲವಕ್ಕೆ ಮುಖಬೆಲೆಗಿಂತ ಹೆಚ್ಚು ಹಣ ಸಿಗುವುದೂ ನಿಜ. ಈ ಮೂರು ನಿಜಗಳ ಬೆನ್ನಿಗೆ ಒಂದು ಸುಳ್ಳನ್ನು ಕಟ್ಟಿ ಕಳಿಸುತ್ತಾರೆ: ‘ಹಾಗಾಗಿ ನಿಮ್ಮ ಡಬ್ಬಿಯಲ್ಲಿರುವ ವಿಚಿತ್ರ ನಾಣ್ಯಕ್ಕೂ ಲಕ್ಷ ಸಿಗುತ್ತದೆ.’

ಫೋಟೊವನ್ನು ಗಮನಿಸಿ ನೋಡಿ. ನಾಣ್ಯದ ಒಂದೇ ಮುಖ ಇರುತ್ತದೆ. ಪಕ್ಕದ ಅಂಚು ಕಾಣುವುದಿಲ್ಲ. ತೂಕ ಎಷ್ಟು ಎಂದು ಬರೆದಿರುವುದಿಲ್ಲ. ತೂಕ, ಅಂಚು, ಹಿಂಬದಿ ಈ ಮೂರನ್ನು ನೋಡದೆ ಯಾವ ಅನುಭವಿ ಸಂಗ್ರಾಹಕನೂ ‘ಇದು ಟಂಕಸಾಲೆಯ ತಪ್ಪು’ ಎಂದು ಹೇಳುವುದಿಲ್ಲ. ತೀರ್ಮಾನಕ್ಕೆ ಬೇಕಾದ ಮಾಹಿತಿಯನ್ನೇ ಬಿಟ್ಟು ತೀರ್ಮಾನವನ್ನು ಮಾತ್ರ ನಮ್ಮ ಕೈಗೆ ಕೊಡುವುದು ಈ ಫಾರ್ವರ್ಡ್‌ಗಳ ಗುಣ.

ನಾಣ್ಯ ತಯಾರಾಗುವುದು ಹೇಗೆ?

ತಪ್ಪು ಎಲ್ಲಿ ಆಗುತ್ತದೆ ಎಂದು ತಿಳಿಯಲು ನಾಣ್ಯ ಹೇಗೆ ತಯಾರಾಗುತ್ತದೆ ಎಂಬುದು ಸ್ವಲ್ಪ ಗೊತ್ತಿರಬೇಕು. ಭಾರತ ಸರ್ಕಾರದ ಟಂಕಸಾಲೆಗಳು ನಾಲ್ಕು: ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೊಯ್ಡಾ.

ಮೊದಲು ಲೋಹದ ತಗಡಿನಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಹಪ್ಪಳ ಲಟ್ಟಿಸಿ ಬಟ್ಟಲಿನಿಂದ ದುಂಡಗೆ ಕತ್ತರಿಸಿದಂತೆ. ಆ ಬಿಲ್ಲೆಗಳನ್ನು ಕಾಯಿಸಿ ಮೆದು ಮಾಡುತ್ತಾರೆ, ಅಂಚನ್ನು ಸ್ವಲ್ಪ ಎತ್ತರಿಸುತ್ತಾರೆ. ಆಮೇಲೆ ಬಿಲ್ಲೆ ಎರಡು ಅಚ್ಚುಗಳ ನಡುವೆ ಬರುತ್ತದೆ. ಸುತ್ತಲೂ ಬಳೆಯಂಥ ಒಂದು ಉಕ್ಕಿನ ಪಟ್ಟಿ ಇರುತ್ತದೆ, ಅದಕ್ಕೆ ಕಾಲರ್ ಎನ್ನುತ್ತಾರೆ. ಮೇಲಿನ ಅಚ್ಚು ಭಾರಿ ಒತ್ತಡದಿಂದ ಬಡಿದಾಗ ಲೋಹ ಅಚ್ಚಿನ ತಗ್ಗುಗಳೊಳಗೆ ಹರಿದು ಅಕ್ಷರ, ಚಿತ್ರಗಳು ಮೂಡುತ್ತವೆ. ಕಾಲರ್ ಇರುವುದರಿಂದ ಲೋಹ ಹೊರಗೆ ಹರಡದೆ ನಾಣ್ಯ ದುಂಡಾಗಿ ಉಳಿಯುತ್ತದೆ. ಈಗಿನ ಯಂತ್ರಗಳು ನಿಮಿಷಕ್ಕೆ ನೂರಾರು ನಾಣ್ಯ ಬಡಿಯುತ್ತವೆ.

ಇಷ್ಟು ವೇಗದಲ್ಲಿ ತಪ್ಪುಗಳು ಆಗೇ ಆಗುತ್ತವೆ. ಬಿಲ್ಲೆ ಅರ್ಧವೇ ಅಚ್ಚಿನ ಕೆಳಗೆ ಬಂದರೆ ಚಿತ್ರ ಒಂದು ಬದಿಗೆ ಸರಿಯುತ್ತದೆ. ಕಾಲರ್ ಸರಿಯಾಗಿ ಕೂರದಿದ್ದರೆ ನಾಣ್ಯ ಅಗಲವಾಗಿ ಹರಡಿಕೊಳ್ಳುತ್ತದೆ. ಅಚ್ಚು ಸೀಳಿದರೆ ಆ ಸೀಳು ಪ್ರತಿ ನಾಣ್ಯದ ಮೇಲೂ ಮೂಡುತ್ತದೆ. ಅಚ್ಚಿನ ತಗ್ಗಿನಲ್ಲಿ ಎಣ್ಣೆ-ಜಿಡ್ಡು ತುಂಬಿಕೊಂಡರೆ ಒಂದೆರಡು ಅಕ್ಷರ ಮಾಯವಾಗುತ್ತವೆ. ತಪಾಸಣೆಯಲ್ಲಿ ಇಂಥವನ್ನು ಹೆಚ್ಚಾಗಿ ತೆಗೆದುಹಾಕುತ್ತಾರೆ. ಕಣ್ತಪ್ಪಿ ಕೆಲವು ಹೊರಗೆ ಬರುತ್ತವೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಈ ವಿಚಿತ್ರ ಆದದ್ದು ಅಚ್ಚು ಬೀಳುವ ಕ್ಷಣದಲ್ಲೋ ಅದಕ್ಕೂ ಮೊದಲೋ, ಇಲ್ಲಾ ಅಚ್ಚು ಬಿದ್ದ ಮೇಲೋ? ಮೊದಲಿನದಾದರೆ ಟಂಕಸಾಲೆಯ ತಪ್ಪು. ಆಮೇಲಿನದಾದರೆ ಹಾನಿ, ಅಷ್ಟೇ. ಲೋಹದ ಮೇಲೆ ಇದರ ಸುಳಿವು ಉಳಿದಿರುತ್ತದೆ.

ಮೊದಲ ಪರೀಕ್ಷೆ: ತೂಕ

ಬಿಲ್ಲೆಯ ಮೇಲೆ ಅಚ್ಚು ತಪ್ಪಾಗಿ ಬಿದ್ದರೂ ಲೋಹ ಎಲ್ಲಿಗೂ ಹೋಗುವುದಿಲ್ಲ. ಚಿತ್ರ ಬೀಳದ ನಾಣ್ಯಕ್ಕೂ ಚಿತ್ರ ಬಿದ್ದ ನಾಣ್ಯದಷ್ಟೇ ತೂಕ ಇರಬೇಕು. ಉಜ್ಜಿದರೆ, ಅರದಿಂದ ತಿಕ್ಕಿದರೆ, ಆಸಿಡ್‌ನಲ್ಲಿ ನೆನೆಸಿದರೆ ತೂಕ ಇಳಿಯುತ್ತದೆ. ನಿಮ್ಮೂರಿನ ಪತ್ತಾರರ ಅಂಗಡಿಯ ತಕ್ಕಡಿಯೇ ಇದಕ್ಕೆ ಸಾಕು. ಸಾಮಾನ್ಯವಾಗಿ ಸಿಗುವ ಕೆಲವು ನಾಣ್ಯಗಳ ನಿಗದಿತ ತೂಕ ಹೀಗಿದೆ:

- ಹಳೆಯ ದಪ್ಪನೆಯ 5 ರೂಪಾಯಿ (ತಾಮ್ರ-ನಿಕಲ್): 9 ಗ್ರಾಂ
- ಹನ್ನೊಂದು ಮೂಲೆಯ ಹಳೆಯ 2 ರೂಪಾಯಿ: 6 ಗ್ರಾಂ
- 1992ರ ನಂತರದ 25 ಮಿ.ಮೀ. ಅಗಲದ ಸ್ಟೀಲ್ 1 ರೂಪಾಯಿ: 4.85 ಗ್ರಾಂ
- 2011ರ ಸರಣಿಯ ಚಿಕ್ಕ 1 ರೂಪಾಯಿ: 3.76 ಗ್ರಾಂ
- ಎರಡು ಬಣ್ಣದ 10 ರೂಪಾಯಿ: 7.71 ಗ್ರಾಂ
- ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ: 11.66 ಗ್ರಾಂ

ಬಳಸಿ ಸವೆದ ನಾಣ್ಯದಲ್ಲಿ ಚೂರುಪಾರು ಕಡಿಮೆ ಬರಬಹುದು. ಒಂದು ಗ್ರಾಂ, ಒಂದೂವರೆ ಗ್ರಾಂ ಕಡಿಮೆ ಬಂದರೆ ಅನುಮಾನ ಪಡಲೇಬೇಕು. ಒಂದು ಅಪವಾದವೆಂದರೆ ಬಿಲ್ಲೆಯೇ ತೆಳುವಾಗಿ ಅಥವಾ ತುಂಡಾಗಿ ಬಂದಿರುವುದು. ಅದನ್ನು ಗುರುತಿಸುವ ಬಗೆ ಮುಂದಿದೆ.

ಕಾಕಾನ ನಾಣ್ಯವನ್ನು ನಾವು ಪತ್ತಾರರಲ್ಲಿಗೆ ಒಯ್ದೆವು. ತಕ್ಕಡಿ ತೋರಿಸಿದ್ದು 7.6 ಗ್ರಾಂ. ಪಕ್ಕದಲ್ಲಿ ಅಂಥದೇ ಇನ್ನೊಂದು ನಾಣ್ಯ ಇಟ್ಟು ನೋಡಿದಾಗ ದಪ್ಪವೂ ಕಡಿಮೆ ಇತ್ತು. ನುಣುಪಾದ ಬದಿಯಲ್ಲಿ ಅಂಚಿನ ಎತ್ತರದ ದಿಂಡು ಇರಲೇ ಇಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದರೆ ಒಂದೇ ದಿಕ್ಕಿನ ಸಣ್ಣ ಸಣ್ಣ ಗೆರೆಗಳು. ಪತ್ತಾರರು ನೋಡಿದ ಕೂಡಲೇ ಹೇಳಿದರು: “ಇದು ಸಾಣಿ ಹಿಡದದ್ದರೀ.”

ಎರಡು ಬಿಲ್ಲೆಗಳು ಒಟ್ಟಿಗೆ ಅಚ್ಚಿನ ಕೆಳಗೆ ಸಿಕ್ಕರೆ ನಿಜಕ್ಕೂ ಒಂದೇ ಬದಿಯ ನಾಣ್ಯ ಹುಟ್ಟುತ್ತದೆ. ಆಗ ಅದರ ತೂಕ ಪೂರ್ತಿ 9 ಗ್ರಾಂ ಇರುತ್ತದೆ, ಖಾಲಿ ಬದಿಯಲ್ಲಿ ಸಾಣೆಯ ಗೆರೆ ಇರುವುದಿಲ್ಲ.

ಎರಡನೇ ಪರೀಕ್ಷೆ: ಉಬ್ಬೋ, ತಗ್ಗೋ?

ನಾಣ್ಯದ ಮೇಲೆ ಒಂದು ವಿಚಿತ್ರ ಗೆರೆ ಇದೆ ಎಂದುಕೊಳ್ಳಿ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಚ್ಚು ಸೀಳಿದ್ದರೆ ಆ ಸೀಳಿನೊಳಗೆ ಲೋಹ ಹರಿದು ನಾಣ್ಯದ ಮೇಲೆ ಉಬ್ಬಿದ ಗೆರೆ ಬರುತ್ತದೆ. ನಾಣ್ಯದ ಮೇಲೆ ಮೊಳೆಯಿಂದಲೋ ಕಲ್ಲಿನಿಂದಲೋ ಗೀರಿದ್ದರೆ ತಗ್ಗಿದ ಗೆರೆ ಇರುತ್ತದೆ. ಅಚ್ಚಿನ ಅಂಚು ಮುರಿದು ಬಿದ್ದಿದ್ದರೆ ನಾಣ್ಯದ ಅಂಚಿನಲ್ಲಿ ಚಿತ್ರವಿಲ್ಲದ ಒಂದು ಉಬ್ಬು ಮುದ್ದೆ ಕಾಣುತ್ತದೆ. ಸುತ್ತಿಗೆಯ ಪೆಟ್ಟು ಬಿದ್ದಿದ್ದರೆ ಅಲ್ಲಿ ಗುಳಿ ಇದ್ದು, ಅದರ ಸುತ್ತ ಲೋಹ ಒತ್ತರಿಸಿಕೊಂಡಿರುತ್ತದೆ.

ಅಕ್ಷರ ಮಾಯವಾದ ನಾಣ್ಯಕ್ಕೂ ಹೀಗೇ ನೋಡಬೇಕು. ಜಿಡ್ಡು ತುಂಬಿದ ಅಚ್ಚಿನಿಂದ ಬಂದದ್ದಾದರೆ ಒಂದೆರಡು ಅಕ್ಷರ ಮಾತ್ರ ಮಸುಕಾಗಿ, ಪಕ್ಕದ ಅಕ್ಷರಗಳು ಚೂಪಾಗಿಯೇ ಇರುತ್ತವೆ. ಆ ಜಾಗದ ಹೊಳಪೂ ಉಳಿದ ಭಾಗದಂತೆಯೇ ಇರುತ್ತದೆ. ಕೈಯಿಂದ ಕೈಗೆ ಓಡಾಡಿ ಸವೆದದ್ದಾದರೆ ಎತ್ತರವಾಗಿರುವ ಭಾಗಗಳೆಲ್ಲ ಎರಡೂ ಬದಿಯಲ್ಲಿ ಒಟ್ಟಿಗೆ ಸವೆದಿರುತ್ತವೆ. ಜಿಡ್ಡಿನ ಅಚ್ಚಿನ ನಾಣ್ಯಗಳು ಸಾಕಷ್ಟು ಸಿಗುತ್ತವೆ. ಅವು ನಿಜವಾದ ತಪ್ಪೇ, ಆದರೂ ಅವಕ್ಕೆ ದೊಡ್ಡ ಬೆಲೆ ಇಲ್ಲ.

ಮೂರನೇ ಪರೀಕ್ಷೆ: ಅಂಚು

ಚಂದ್ರನ ಕಲೆಯಂತೆ ಒಂದು ಬದಿ ಕಚ್ಚಿ ತೆಗೆದಂತಿರುವ ನಾಣ್ಯಗಳ ಫೋಟೊ ಹೆಚ್ಚು ಓಡಾಡುತ್ತದೆ. ತಗಡಿನಲ್ಲಿ ಆಗಲೇ ಕತ್ತರಿಸಿದ ತೂತಿನ ಮೇಲೆಯೇ ಕತ್ತರಿ ಮತ್ತೆ ಬಿದ್ದರೆ ಇಂಥ ತುಂಡು ಬಿಲ್ಲೆ ಹುಟ್ಟುತ್ತದೆ. ಇದು ನಿಜವಾದ ಟಂಕಸಾಲೆ ತಪ್ಪು. ಇದನ್ನೇ ಕತ್ತರಿ, ಅರ ಬಳಸಿ ಯಾರು ಬೇಕಾದರೂ ಮಾಡಬಹುದು. ವ್ಯತ್ಯಾಸ ಹೇಗೆ?

ತುಂಡಾದ ಜಾಗದ ನೇರ ಎದುರಿನ ಅಂಚನ್ನು ನೋಡಿ. ಬಿಲ್ಲೆಯ ಅಂಚನ್ನು ಎತ್ತರಿಸುವಾಗ ಯಂತ್ರ ಎರಡೂ ಕಡೆಯಿಂದ ಒತ್ತುತ್ತದೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಕಡೆ ಒತ್ತಡ ಸಿಗದೆ ಅಲ್ಲಿನ ದಿಂಡು ಮಸುಕಾಗುತ್ತದೆ. ಸಂಗ್ರಾಹಕರು ಇದಕ್ಕೆ ‘ಬ್ಲೇಕ್ಸ್‌ಲಿ ಪರಿಣಾಮ’ ಎನ್ನುತ್ತಾರೆ. ಎಲ್ಲ ತುಂಡು ನಾಣ್ಯಗಳಲ್ಲೂ ಇದು ಕಾಣಲೇಬೇಕೆಂದಿಲ್ಲ, ಕಂಡರೆ ಅದು ಒಳ್ಳೆಯ ಸಾಕ್ಷಿ. ತುಂಡಿನ ಹತ್ತಿರದ ಅಕ್ಷರಗಳೂ ಸ್ವಲ್ಪ ಎಳೆದಂತೆ, ತೆಳುವಾಗಿ ಕಾಣುತ್ತವೆ, ಏಕೆಂದರೆ ಅಚ್ಚು ಬೀಳುವಾಗ ಲೋಹ ಆ ಖಾಲಿ ಜಾಗದ ಕಡೆಗೆ ಹರಿದಿರುತ್ತದೆ. ಆಮೇಲೆ ಕತ್ತರಿಸಿದ್ದಾದರೆ ಅಕ್ಷರಗಳು ಚಾಕುವಿನಿಂದ ಕೊಯ್ದಂತೆ ಥಟ್ಟನೆ ನಿಲ್ಲುತ್ತವೆ, ಎದುರಿನ ಅಂಚು ಗಟ್ಟಿಯಾಗಿಯೇ ಇರುತ್ತದೆ, ಕತ್ತರಿಸಿದ ಮೈಯಲ್ಲಿ ಅರದ ಗುರುತು ಸಿಗುತ್ತದೆ.

10 ರೂಪಾಯಿ ನಾಣ್ಯದ ನಡುವಿನ ಬಿಲ್ಲೆ ಇಲ್ಲದಿರುವುದು, ಸರಿದಿರುವುದು ಇನ್ನೊಂದು ಜನಪ್ರಿಯ ‘ಎರರ್’. ಹೊರಗಿನ ಬಳೆ ಮತ್ತು ನಡುವಿನ ಬಿಲ್ಲೆ ಎರಡೂ ಒಂದೇ ಏಟಿಗೆ ಅಚ್ಚಾಗುತ್ತವೆ. ಬಿಲ್ಲೆ ಮೊದಲೇ ಸರಿದಿದ್ದರೆ ಚಿತ್ರ ಎರಡೂ ಲೋಹಗಳ ಮೇಲೆ ಮುರಿಯದೆ ಹರಿದಿರುತ್ತದೆ. ಆಮೇಲೆ ತಟ್ಟಿ ತೆಗೆದಿದ್ದರೆ ಬಳೆಯ ಒಳಗೋಡೆಯಲ್ಲಿ ಚಿತ್ರ ಅರ್ಧಕ್ಕೇ ಕತ್ತರಿಸಿ ನಿಂತಿರುತ್ತದೆ, ತಟ್ಟಿದ ಗೀರುಗಳೂ ಇರುತ್ತವೆ.

ನಾಲ್ಕನೇ ಪರೀಕ್ಷೆ: ಹಿಂಬದಿ

ಕೆಲವು ನಾಣ್ಯಗಳಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿ, ಒಳಕ್ಕೆ ಕೊರೆದಂತೆ ಇರುತ್ತವೆ. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡಿದ್ದು, ಮುಂದಿನ ಬಿಲ್ಲೆಗೆ ಅದೇ ಅಚ್ಚಾಗಿ ಬಡಿದರೆ ಹೀಗಾಗುತ್ತದೆ. ನಿಜವಾದದ್ದರಲ್ಲಿ ಆ ಬದಿಯಲ್ಲಿ ಕನ್ನಡಿ ಚಿತ್ರ ಮಾತ್ರ ಇರುತ್ತದೆ, ಅಲ್ಲಿ ಬೀಳಬೇಕಿದ್ದ ಚಿತ್ರ ಬಿದ್ದೇ ಇರುವುದಿಲ್ಲ.

ನಕಲಿ ಮಾಡುವವರು ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ವೈಸ್‌ನಲ್ಲಿ ಹಾಕಿ ಬಿಗಿಯುತ್ತಾರೆ. ಆಗ ಮೂಲ ಚಿತ್ರ ಚಪ್ಪಟೆಯಾಗಿಯಾದರೂ ಉಳಿದಿರುತ್ತದೆ, ಅದರ ಮೇಲೆ ಇನ್ನೊಂದರ ಕನ್ನಡಿ ಗುರುತು ಒತ್ತಿರುತ್ತದೆ. ಹಿಂಬದಿಯೂ ವೈಸ್‌ನ ಹಲ್ಲಿಗೆ ಸಿಕ್ಕು ಚಪ್ಪಟೆಯಾಗಿರುತ್ತದೆ. ಒಂದೇ ಬದಿಯ ಫೋಟೊ ಏಕೆ ಕಳಿಸುತ್ತಾರೆ ಎಂಬುದಕ್ಕೆ ಉತ್ತರ ಇಲ್ಲಿಯೇ ಸಿಗುತ್ತದೆ.

ಬಾದಾಮಿ, ಬಾಗಲಕೋಟೆ ಕಡೆ ರೈಲು ಹಳಿಯ ಮೇಲೆ ನಾಣ್ಯ ಇಟ್ಟು ಆಡಿದ ಹುಡುಗರಿಗೆ ಚಪ್ಪಟೆ ನಾಣ್ಯ ಗೊತ್ತೇ ಇದೆ. (ಅದು ಅಪಾಯದ ಆಟ, ಹಳಿಯ ಹತ್ತಿರ ಹೋಗಬೇಡಿ.) ಅಂಥದನ್ನೇ ‘ಅಗಲವಾಗಿ ಹರಡಿದ ಎರರ್’ ಎಂದು ಮಾರುವವರಿದ್ದಾರೆ. ಕಾಲರ್ ಇಲ್ಲದೆ ಅಚ್ಚಾದ ನಾಣ್ಯ ಹೆಚ್ಚುಕಡಿಮೆ ದುಂಡಗೇ ಹರಡಿ, ಚಿತ್ರ ಚೂಪಾಗಿ ಉಳಿದಿರುತ್ತದೆ. ಹಳಿಯ ಮೇಲಿನದು ಉದ್ದಕ್ಕೆ ಎಳೆದಂತಾಗಿ ಚಿತ್ರ ಅಳಿಸಿಹೋಗಿರುತ್ತದೆ.

ಹಿಂಬದಿಯ ಇನ್ನೊಂದು ಪರೀಕ್ಷೆ ಸುಲಭ. ನಾಣ್ಯವನ್ನು ನೇರವಾಗಿ ಹಿಡಿದು ಪುಸ್ತಕದ ಹಾಳೆ ತಿರುವಿದಂತೆ ಪಕ್ಕಕ್ಕೆ ತಿರುಗಿಸಿ. ನಮ್ಮ ಸಾಮಾನ್ಯ ನಾಣ್ಯಗಳಲ್ಲಿ ಹಿಂಬದಿಯೂ ನೇರವಾಗಿಯೇ ಕಾಣಬೇಕು. ಓರೆಯಾಗಿಯೋ ತಲೆಕೆಳಗಾಗಿಯೋ ಕಂಡರೆ ಅಚ್ಚು ತಿರುಗಿಕೊಂಡಿತ್ತು ಎಂದರ್ಥ. ಇದನ್ನು ಆಮೇಲೆ ಮಾಡುವುದು ಕಷ್ಟ. ಎರಡು ನಾಣ್ಯ ಸೀಳಿ ಅಂಟಿಸಬೇಕಾಗುತ್ತದೆ, ಆಗ ಅಂಚಿನಲ್ಲಿ ಸಂದಿ ಕಾಣುತ್ತದೆ. ಸ್ವಲ್ಪ ಓರೆಯಾದ ನಾಣ್ಯಗಳು ಅಪರೂಪವೇನಲ್ಲ. ಅವು ಸಿಕ್ಕರೆ ಇಟ್ಟುಕೊಳ್ಳಿ, ಮನೆ ಕಟ್ಟುವ ಲೆಕ್ಕ ಹಾಕಬೇಡಿ.

ಬಣ್ಣ ಬೇರೆಯಾಗಿದ್ದರೆ? ‘ತಾಮ್ರದ 1 ರೂಪಾಯಿ’ ಎಂದು ಬರುವ ಫೋಟೊಗಳಿಗೆ ಅಯಸ್ಕಾಂತ ಸಾಕು. ಸ್ಟೀಲ್ ನಾಣ್ಯ ಅಯಸ್ಕಾಂತಕ್ಕೆ ಅಂಟುತ್ತದೆ, ತಾಮ್ರ ಅಂಟುವುದಿಲ್ಲ. ಕೆಂಪಗಿದ್ದೂ ಅಂಟಿದರೆ ಮೇಲೆ ಲೇಪ ಹಾಕಿದ್ದಾರೆ, ಇಲ್ಲವೇ ಬೆಂಕಿಗೆ ಬಿದ್ದು ಬಣ್ಣ ತಿರುಗಿದೆ.

ತಪ್ಪೇ ಅಲ್ಲದ ‘ತಪ್ಪುಗಳು’

ಫಾರ್ವರ್ಡ್‌ಗಳಲ್ಲಿ ಬರುವ ಎಷ್ಟೋ ‘ಎರರ್’ಗಳು ತಪ್ಪೂ ಅಲ್ಲ, ಹಾನಿಯೂ ಅಲ್ಲ. ಉದಾಹರಣೆಗೆ ಇವನ್ನು ನೋಡಿ.

*ಇಸವಿಯ ಕೆಳಗಿನ ಗುರುತು:* ಇಂದಿನ ನಾಣ್ಯಗಳಲ್ಲಿ ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೊಯ್ಡಾ. ಕೋಲ್ಕತ್ತದ ನಾಣ್ಯಕ್ಕೆ ಗುರುತೇ ಇಲ್ಲ. ‘ಗುರುತು ಬಿಟ್ಟುಹೋದ ಎರರ್’ ಎಂದು ತೋರಿಸುವುದು ಬಹಳ ಸಲ ಕೋಲ್ಕತ್ತದ ನಾಣ್ಯ. ಬೇಡಿಕೆ ಹೆಚ್ಚಿದ್ದ ಕಾಲದಲ್ಲಿ ಭಾರತ ವಿದೇಶಗಳಲ್ಲೂ ನಾಣ್ಯ ಅಚ್ಚು ಹಾಕಿಸಿತ್ತು. 1985ರ ಕೆಲವು 1 ರೂಪಾಯಿ ನಾಣ್ಯಗಳ ಮೇಲಿನ ‘ಎಚ್’ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಗುರುತು. 1999ರ ಸುಮಾರಿನ ಕೆಲವು 5 ರೂಪಾಯಿಗಳ ಮೇಲಿನ ವಿಚಿತ್ರ ಅಕ್ಷರಗಳು ರಷ್ಯಾದ ಮಾಸ್ಕೊ ಟಂಕಸಾಲೆಯವು.

*ತೂತು:* 1943ರಿಂದ 1947ರವರೆಗಿನ ಕಂಚಿನ ಒಂದು ಪೈಸೆಗೆ ಟಂಕಸಾಲೆಯಲ್ಲೇ ನಡುವೆ ತೂತು ಇತ್ತು. ಅಜ್ಜ-ಅಜ್ಜಿಯರು ತೂತಿನ ಕಾಸು ಎನ್ನುತ್ತಿದ್ದದ್ದು ಅದನ್ನೇ. ಅದರ ಚಿತ್ರ, ಅಕ್ಷರಗಳೆಲ್ಲ ತೂತನ್ನು ಬಿಟ್ಟೇ ಸುತ್ತಲೂ ಇವೆ. ಬೇರೆ ನಾಣ್ಯದಲ್ಲಿ ರಾಜನ ಮುಖವನ್ನೋ ಇಸವಿಯನ್ನೋ ಕೊರೆದುಕೊಂಡು ಹೋದ ತೂತು ಯಾರೋ ದಾರ ಪೋಣಿಸಲು ಮಾಡಿದ್ದು.

*1862ರ ರಾಣಿ ಛಾಪಿನ ರೂಪಾಯಿ:* ‘1862’ ಎಂಬ ಇಸವಿಯನ್ನು ಬದಲಿಸದೆ 1874ರವರೆಗೂ ಅದೇ ಇಸವಿಯಲ್ಲಿ ರೂಪಾಯಿ ಅಚ್ಚು ಹಾಕಿದರು. ಹಾಗಾಗಿ ಈ ಇಸವಿಯ ನಾಣ್ಯ ಅಪರೂಪವಲ್ಲ. ಅದರ ಮೇಲಿನ ಹೆಚ್ಚುವರಿ ಚುಕ್ಕಿಗಳೂ ತಪ್ಪಲ್ಲ, ಟಂಕಸಾಲೆಯವರೇ ಇಟ್ಟ ಗುರುತುಗಳು.

*ಟಿಪ್ಪುವಿನ ‘ತಿರುಗಿದ’ ಇಸವಿ:* ಟಿಪ್ಪು ಸುಲ್ತಾನ್ ತನ್ನ ಆಳ್ವಿಕೆಯಲ್ಲಿ ಮೌಲೂದಿ ಎಂಬ ಹೊಸ ಶಕೆ ತಂದ. ಆ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಗೊತ್ತಿಲ್ಲದವರು ಅದನ್ನು ಉಲ್ಟಾ ಅಚ್ಚು ಎನ್ನುತ್ತಾರೆ. ಅದು ದೊರೆಯ ಆಜ್ಞೆ.

*ಚಿತ್ರ ಪೂರ್ತಿ ಇಲ್ಲದ ಹಳೆಯ ನಾಣ್ಯ:* ವಿಜಯನಗರದ ಕಾಲದಂಥ ಹಳೆಯ ನಾಣ್ಯಗಳನ್ನು ಕೈಯಿಂದ ಸುತ್ತಿಗೆ ಬಡಿದು ಅಚ್ಚು ಹಾಕುತ್ತಿದ್ದರು. ಅಚ್ಚಿಗಿಂತ ಬಿಲ್ಲೆ ಚಿಕ್ಕದಿದ್ದರೆ ಅರ್ಧ ಅಕ್ಷರ ಹೊರಗೇ ಉಳಿಯುವುದು ಮಾಮೂಲು. ಯಂತ್ರದ ನಾಣ್ಯದಲ್ಲಿ ತಪ್ಪು ಎನಿಸುವುದು ಅಲ್ಲಿ ಸಹಜ.

ವಿನ್ಯಾಸವೇ ಎಡವಟ್ಟಾದ ಪ್ರಸಂಗವೂ ಇದೆ. 1911ರಲ್ಲಿ ಐದನೇ ಜಾರ್ಜ್ ದೊರೆಯ ರೂಪಾಯಿ ಬಂದಾಗ ದೊರೆಯ ನಿಲುವಂಗಿಯ ಮೇಲಿದ್ದ ಆನೆಯ ಚಿತ್ರ ಹಂದಿಯಂತೆ ಕಾಣುತ್ತದೆ ಎಂದು ಜನ ಆಕ್ಷೇಪಿಸಿದರು. ಹೆಚ್ಚಿನ ನಾಣ್ಯಗಳನ್ನು ಹಿಂದಕ್ಕೆ ಪಡೆದು ಕರಗಿಸಿ, 1912ರಿಂದ ಆನೆಯ ಸೊಂಡಿಲು ಸ್ಪಷ್ಟವಾಗಿ ಕಾಣುವಂತೆ ತಿದ್ದಿದರು. ಇದು ಒಂದೆರಡು ನಾಣ್ಯದ ತಪ್ಪಲ್ಲ. ಆ ವರ್ಷದ ಎಲ್ಲ ರೂಪಾಯಿಗಳಲ್ಲೂ ಅದೇ ‘ಹಂದಿ’ ಇದೆ.

ನಮ್ಮ ಮನೆಗಳ ‘ಹಾನಿ’ಯಾದ ನಾಣ್ಯಗಳು

ನಮ್ಮ ಭಾಗದ ಮನೆಗಳಲ್ಲಿ ಸಿಗುವ ಬೆಳ್ಳಿ ರೂಪಾಯಿಗಳಿಗೆ ಬಹಳ ಸಲ ಮೇಲ್ಗಡೆ ಬೆಸುಗೆಯ ಗುರುತು ಇರುತ್ತದೆ. ಕೊಂಡಿ ಹಚ್ಚಿ ಸರ ಮಾಡಿ ಹಾಕಿಕೊಂಡದ್ದರ ಕುರುಹು ಅದು. ಲಂಬಾಣಿ ತಾಂಡಾಗಳ ಹಿರಿಯ ಹೆಂಗಸರ ಉಡುಪಿನಲ್ಲಿ ಹೊಲಿದ ನಾಣ್ಯಗಳಲ್ಲೂ ಕೊಂಡಿ, ತೂತುಗಳಿವೆ. ಕೆಲವು ರೂಪಾಯಿಗಳ ಮೇಲೆ ಸಣ್ಣ ಸಣ್ಣ ಚುಚ್ಚು ಗುರುತು ಇರುತ್ತದೆ. ಅದು ಹಿಂದೆ ಶರಾಫರು ಬೆಳ್ಳಿಯ ಶುದ್ಧತೆ ನೋಡಲು ಹಾಕಿದ್ದು.

ಸಂಗ್ರಾಹಕರ ಲೆಕ್ಕದಲ್ಲಿ ಇವೆಲ್ಲ ಹಾನಿಯೇ. ಆದರೂ ಬೆಳ್ಳಿಯ ಬೆಲೆ ಎಲ್ಲೂ ಹೋಗುವುದಿಲ್ಲ. 1940ಕ್ಕಿಂತ ಹಿಂದಿನ ಬ್ರಿಟಿಷ್ ರೂಪಾಯಿಯಲ್ಲಿ ಶೇ. 91.7ರಷ್ಟು ಬೆಳ್ಳಿ, ಅಂದರೆ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ ಇದೆ. 1940ರ ದಶಕದಲ್ಲಿ ಅದು ಅರ್ಧಕ್ಕೆ ಇಳಿಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ಹುಲಿ ಚಿತ್ರದ ನಿಕಲ್ ನಾಣ್ಯ. ಅಯಸ್ಕಾಂತಕ್ಕೆ ಅಂಟುತ್ತದೆ. ‘1947ರ ನಾಣ್ಯಕ್ಕೆ ಕೋಟಿ’ ಎನ್ನುವ ಫಾರ್ವರ್ಡ್ ಬಂದಾಗ ಇದು ನೆನಪಿರಲಿ.

ಇನ್ನೊಂದು ಮಾತು. ಹಳೆಯ ನಾಣ್ಯ ಸಿಕ್ಕ ಕೂಡಲೇ ಹುಣಸೆಹಣ್ಣು, ಬೂದಿ, ಹಲ್ಲುಪುಡಿ ಹಾಕಿ ತಿಕ್ಕಿ ಬೆಳ್ಳಗೆ ಮಾಡಬೇಡಿ. ಕಾಲಕ್ಕೆ ಮೂಡಿದ ಬಣ್ಣವನ್ನು ಸಂಗ್ರಾಹಕರು ಬಯಸುತ್ತಾರೆ. ತಿಕ್ಕಿದ ಗೀರು ಮತ್ತೆ ಹೋಗುವುದಿಲ್ಲ. ನಾವೇ ಪ್ರೀತಿಯಿಂದ ಮಾಡುವ ಹಾನಿ ಇದು.

ನಿಜವಾದ ಎರರ್‌ಗೆ ಎಷ್ಟು ಬೆಲೆ?

ಜಾಲತಾಣದಲ್ಲಿ ‘5 ಲಕ್ಷ’ ಎಂದು ಬರೆದಿರುವುದು ಮಾರುವವನ ಆಸೆ. ಆ ಬೆಲೆಗೆ ಯಾರೂ ಕೊಂಡಿರುವುದಿಲ್ಲ. ನಾನು ನನ್ನ ಹಳೆಯ ಸೈಕಲ್‌ಗೆ ಹತ್ತು ಲಕ್ಷ ಎಂದು ಬೋರ್ಡ್ ಹಾಕಬಹುದು, ಅದರಿಂದ ಸೈಕಲ್ಲಿನ ಬೆಲೆ ಹತ್ತು ಲಕ್ಷ ಆಗುವುದಿಲ್ಲ. ನೋಡಬೇಕಾದದ್ದು ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ಬೆಲೆ.

ಬ್ರಿಟನ್ನಿನ ಒಂದು ಉದಾಹರಣೆ ನೋಡಿ. 2008ರಲ್ಲಿ ಅಲ್ಲಿನ 20 ಪೆನ್ಸ್ ನಾಣ್ಯದ ವಿನ್ಯಾಸ ಬದಲಾಯಿತು. ಹೊಸ ಅಚ್ಚಿನ ಜೊತೆ ಹಳೆಯ ಅಚ್ಚನ್ನು ತಪ್ಪಾಗಿ ಜೋಡಿಸಿದ್ದರಿಂದ ಇಸವಿಯೇ ಇಲ್ಲದ ನಾಣ್ಯಗಳು ಹೊರಬಂದವು. ದೇಶವೆಲ್ಲ ಸುದ್ದಿಯಾದ, ಸರ್ಕಾರಿ ಟಂಕಸಾಲೆಯೇ ಒಪ್ಪಿಕೊಂಡ ತಪ್ಪು ಅದು. ಅಂಥ ನಾಣ್ಯಕ್ಕೂ ಸಾಮಾನ್ಯವಾಗಿ ಸಿಗುವುದು ಐವತ್ತು ಪೌಂಡ್ ಆಸುಪಾಸು. ಮುಖಬೆಲೆಗೆ ಹೋಲಿಸಿದರೆ ದೊಡ್ಡದೇ, ಹಾಗೆಂದು ಬದುಕು ಬದಲಿಸುವಷ್ಟಲ್ಲ.

ಮೋಸ ನಡೆಯುವುದು ಹೇಗೆ?

2021ರಲ್ಲಿ ಬೆಂಗಳೂರಿನ ಶಿಕ್ಷಕಿಯೊಬ್ಬರು 1947ರ ನಾಣ್ಯವನ್ನು ಆನ್‌ಲೈನ್‌ನಲ್ಲಿ ಮಾರಲು ಹೋಗಿ ಸುಮಾರು ಒಂದು ಲಕ್ಷ ರೂಪಾಯಿ ಕಳೆದುಕೊಂಡದ್ದು ಸುದ್ದಿಯಾಗಿತ್ತು. ಕೋಟಿ ಕೊಡುತ್ತೇನೆಂದವನು ಮೊದಲು ತೆರಿಗೆಯ ಹೆಸರಿನಲ್ಲಿ ಹಣ ಹಾಕಿಸಿಕೊಂಡಿದ್ದ. ಎಲ್ಲ ಕಡೆಯೂ ಇದೇ ದಾರಿ: ಮೊದಲು ದೊಡ್ಡ ಬೆಲೆ, ಆಮೇಲೆ ರಿಜಿಸ್ಟ್ರೇಶನ್, ಅದಾದ ಮೇಲೆ ಜಿಎಸ್‌ಟಿ, ಮತ್ತೆ ರಿಸರ್ವ್ ಬ್ಯಾಂಕಿನ ಹೆಸರಿನ ನಕಲಿ ಪತ್ರ.

ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿ ಸ್ಪಷ್ಟಪಡಿಸಿದೆ: ತಾನು ಹಳೆಯ ನೋಟು-ನಾಣ್ಯಗಳನ್ನು ಕೊಳ್ಳುವ, ಮಾರುವ ವ್ಯವಹಾರ ಮಾಡುವುದಿಲ್ಲ, ಅದಕ್ಕಾಗಿ ಶುಲ್ಕವನ್ನಾಗಲಿ ಕಮಿಷನ್ ಅನ್ನಾಗಲಿ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ.

ಅಕ್ಕಿಕಾಳು ಎಳೆಯುವ ‘ರೈಸ್ ಪುಲ್ಲಿಂಗ್’ ನಾಣ್ಯ, ರಾಮ-ಹನುಮಂತನ ಚಿತ್ರವಿರುವ ‘ಈಸ್ಟ್ ಇಂಡಿಯಾ ಕಂಪನಿಯ 1818ರ ಅಣೆ’ ಕೂಡ ಇದೇ ಜಾತಿಯವು. ಕಂಪನಿ ಅಂಥ ದೇವರ ನಾಣ್ಯಗಳನ್ನು ಚಲಾವಣೆಗೆ ತಂದೇ ಇಲ್ಲ.

ನಾಣ್ಯ ಕೊಳ್ಳುವವನು ನಿಮಗೆ ಹಣ ಕೊಡಬೇಕು. ನಿಮ್ಮಿಂದಲೇ ಮೊದಲು ಹಣ ಕೇಳಿದರೆ ನಾಣ್ಯ ಅಸಲಿಯೋ ನಕಲಿಯೋ ಎಂದು ನೋಡುವ ಅಗತ್ಯವೂ ಇಲ್ಲ, ಅಲ್ಲಿಗೆ ನಿಲ್ಲಿಸಿ. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ.

ಕಾನೂನು ಏನು ಹೇಳುತ್ತದೆ?

2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯ ಕರಗಿಸುವುದು, ನಾಶಪಡಿಸುವುದು ಅಪರಾಧ. ಏಳು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಅದೇ ಕಾಯ್ದೆಯ ಪ್ರಕಾರ ನಾಣ್ಯ ವಿರೂಪಗೊಂಡಿರಬಾರದು, ನಿಗದಿಗಿಂತ ತೂಕ ಕಳೆದುಕೊಂಡಿರಬಾರದು, ಆಗ ಮಾತ್ರ ಅದು ಪೂರ್ತಿ ಚಲಾವಣೆಗೆ ಅರ್ಹ. ಅಂದರೆ ಸಾಣೆ ಹಿಡಿದ 5 ರೂಪಾಯಿಗೆ ಐದು ಲಕ್ಷ ಇರಲಿ, ಐದು ರೂಪಾಯಿ ಸಿಗುವುದೂ ಅನುಮಾನ.

ಐಹೊಳೆ, ಪಟ್ಟದಕಲ್ಲು, ಬಾದಾಮಿ ಸುತ್ತಲಿನ ನಮ್ಮ ನೆಲದಲ್ಲಿ ಹೊಲ ಉಳುವಾಗ, ಪಾಯ ತೋಡುವಾಗ ಹಳೆಯ ನಾಣ್ಯ ಸಿಗಬಹುದು. ಹಾಗೆ ನೆಲದಲ್ಲಿ ಸಿಕ್ಕ ನಿಧಿಯನ್ನು 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಅವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಹಳೆಯ ನಾಣ್ಯಗಳನ್ನು ಕಣ್ಣಾರೆ ನೋಡಿ ಕಲಿಯಬೇಕೆಂದರೆ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ಕಾರ್ಪೊರೇಷನ್ ಬ್ಯಾಂಕ್ ಪರಂಪರೆಯ ನಾಣ್ಯ ಸಂಗ್ರಹಾಲಯ ಒಳ್ಳೆಯ ಜಾಗ.

ಕೊನೆಗೆ

ಕಾಕಾ ಎರಡು ಸಾವಿರ ಹಾಕಲಿಲ್ಲ. ಪತ್ತಾರರ ಅಂಗಡಿಯಿಂದಲೇ ಆ ನಂಬರಿಗೆ ಫೋನ್ ಮಾಡಿ, “ಪೂರಾ ತೂಕ ಎಷ್ಟ ಇರಬೇಕ್ರಿ ಇದರದು?” ಎಂದು ಕೇಳಿದರು. ಆ ಕಡೆಯವನು ತೂಕದ ಮಾತೇ ಎತ್ತದೆ ಮತ್ತೆ ರಿಜಿಸ್ಟ್ರೇಶನ್ ಎಂದ. ಕಾಕಾ ಫೋನ್ ಇಟ್ಟರು. ಐದು ಲಕ್ಷ ಕೈಬಿಟ್ಟ ಬೇಜಾರು ಮುಖದಲ್ಲಿ ಸ್ವಲ್ಪ ಇತ್ತು. ಮಗಳ ಮದುವೆಯ ಸಾಲದ ಲೆಕ್ಕ ಅವರು ಆಗಲೇ ಹಾಕಿಬಿಟ್ಟಿದ್ದರು. ಇಂಥ ಸಂದೇಶ ಕಳಿಸುವವರಿಗೆ ಬೇಕಾಗಿರುವುದೂ ಆ ಲೆಕ್ಕವೇ.

ಮುಂದಿನ ಸಲ ನಿಮ್ಮ ಗ್ರೂಪಿಗೆ ‘ಎರರ್ ನಾಣ್ಯ’ದ ಫೋಟೊ ಬಂದರೆ ಫಾರ್ವರ್ಡ್ ಮಾಡುವ ಮೊದಲು ಕಳಿಸಿದವರಿಗೆ ಮೂರು ಪ್ರಶ್ನೆ ಕೇಳಿ: ತೂಕ ಎಷ್ಟು? ಅಂಚು ಹೇಗಿದೆ? ಹಿಂಬದಿ ಎಲ್ಲಿ? ಉತ್ತರ ಬರದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.